ಬಾಗಿಲಲ್ಲಿ ಕೂತ ಮೀನಿನ ಪೆಟ್ಟಿಗೆ

ಕೊಟ್ಟೂರು
ತಾ. ೨೨-೧೧-೧೯೯೯

ಚಿ. ಅರುಣಕುಮಾರನಿಗೆ,

ಗೋಡೆಯ ಈ ಕಡೆಯಿಂದ ನಿನ್ನ ಅಣ್ಣ ಅಜ್ಜಯ್ಯ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ. ನೀವು ಮೂವರೂ ಕ್ಷೇಮವಾಗಿದ್ದೀರೆಂಬುದು ನಿಮ್ಮ ಕುಕ್ಕರಿನ ಸೀಟಿಯಿಂದಲೂ, ಬೆಳಿಗ್ಗೆ ನೀನು ಹಲ್ಲುಜ್ಜುವಾಗ ಮಾಡುವ ಸದ್ದಿನಿಂದಲೂ ದಿನಾ ತಿಳಿಯುತ್ತಿದೆ. ಆದ್ದರಿಂದ ಕ್ಷೇಮಸಮಾಚಾರ ಬರೆಯುವ ತೊಂದರೆ ತೆಗೆದುಕೊಳ್ಳಬೇಡ.

ಕಾಗದ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ದೀಪಾವಳಿ ಮುಗಿದ ಕೂಡಲೇ ಬರೆಯಬೇಕೆಂದಿದ್ದೆ. ಅಷ್ಟರಲ್ಲಿ ಉಜ್ಜಿನಿಯ ಕಡೆಯಿಂದ ಮದುವೆ ಸೀರೆಗೆಂದು ಒಂದು ಟ್ರ್ಯಾಕ್ಸ್ ತುಂಬ ಹೆಂಗಸರು ಬಂದರು. ಅಂಗಡಿಯ ಸೀರೆಗಳನ್ನೆಲ್ಲ ಬಿಚ್ಚಿಸಿ, ಚಹಾ ಕುಡಿದು, ಕೊನೆಗೆ ಒಂದು ಕುಪ್ಪಸದ ಖಣ ತೆಗೆದುಕೊಂಡು ಹೋದರು. ಆ ಸೀರೆಗಳನ್ನು ಮಡಿಸುವುದರಲ್ಲಿ ವಾರ ಹೋಯಿತು.

ತಡಕ್ಕೆ ಇನ್ನೊಂದು ಕಾರಣ ನಮ್ಮ ಪೋಸ್ಟ್‌ಮನ್ ಸೋಮಪ್ಪ. ಓಣಿಯಲ್ಲಿ ಸಿಕ್ಕನೆಂದು ಈ ಕಾಗದಕ್ಕಾಗಿ ವಿಳಾಸ ಬರೆದಿಟ್ಟ ಲಕೋಟೆಯನ್ನು ಅವನಿಗೆ ತೋರಿಸಿದೆ. ಅವನು ವಿಳಾಸವನ್ನು ತಿರುವಿ ಮುರುವಿ ನೋಡಿದ.

"ಸಾವ್ಕಾರ್ರ, ಇದನ್ನ ನಾನು ಆಫೀಸಿಗೆ ಒಯ್ದು, ಸಿಕ್ಕಾ ಹೊಡಿಸಿ, ಮತ್ತ ಇದ ಓಣಿಗೆ ತಿರುಗಿ ತರಬೇಕ್ರಿ. ಗೋಡಿ ಮ್ಯಾಲಿಂದ ಒಗದ್ರ ಆಗಂಗಿಲ್ಲೇನ್ರಿ?"

ಒಗೆಯಬಹುದಿತ್ತು. ಆದರೆ ದೈವದವರ ತೀರ್ಮಾನ ನಿನಗೆ ನೆನಪಿದೆ. ಯುಗಾದಿಯ ಹೊತ್ತಿಗೆ ಓಣಿಯ ಹಿರಿಯರೆಲ್ಲ ದೈವವಾಗಿ ಕೂತು ನಮ್ಮಿಬ್ಬರ ಪಾಲು ಮಾಡಿದಾಗ ಗುರುಸಂಗಪ್ಪನವರು ಕೊನೆಯಲ್ಲಿ ಒಂದು ಕಟ್ಟು ಹಾಕಿದರಲ್ಲ, ಒಂದು ವರ್ಷ ಅಣ್ಣತಮ್ಮ ಬಾಯಿಮಾತು ಆಡಕೂಡದು, ಹೇಳುವುದಿದ್ದರೆ ಕಾಗದದಲ್ಲಿ, ಕಾಗದ ಟಪಾಲಿನಲ್ಲಿ ಎಂದು. "ಬಾಯಾಗ ಬಂದಿದ್ದು ಬಂದಂಗ ಬೀಳ್ತೈತಿ. ಬರಿಯಾಕ ಕುಂತ್ರ ಅರ್ಧ ಸಿಟ್ಟು ಹೋಗ್ತೈತಿ. ಟಿಕೇಟು ನೆಕ್ಕಿ ಹಚ್ಚಾದ್ರಾಗ ಉಳಿದಿದ್ದೂ ಹೋಗ್ತೈತಿ" ಎಂಬುದು ಅವರ ಶಾಸ್ತ್ರ. ಅಂಚೆ ಇಲಾಖೆಗೆ ಈ ಶಾಸ್ತ್ರ ಇನ್ನೂ ಮುಟ್ಟಿಲ್ಲ. ಮುಟ್ಟಿದರೆ ಗೋಂದಿನ ರುಚಿ ಸುಧಾರಿಸುತ್ತಿದ್ದರು.

ಇದರಲ್ಲಿ ನನಗೆ ಸೋಜಿಗವೆನಿಸುವುದು ಒಂದೇ. ನಿನ್ನ ಎಸ್‌ಟಿಡಿ ಬೂತಿನಲ್ಲಿ ಕೂತು ಊರಿನವರೆಲ್ಲ ಮುಂಬಯಿ, ಪುಣೆ, ಸೂರತ್ತಿನ ತನಕ ಮಾತಾಡುತ್ತಾರೆ. ಬೂತಿನ ಮಾಲೀಕನಿಗೆ ಮಾತ್ರ ಒಂದು ಇಟ್ಟಿಗೆಯ ದಪ್ಪ ದಾಟಿ ಮಾತಾಡುವ ಸೌಕರ್ಯವಿಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ಮೀನಿನ ಗಾಜಿನ ಪೆಟ್ಟಿಗೆ ಬಿರುಕು ಬಿಟ್ಟಿದೆ. ನಿನಗೆ ಇದು ಗೊತ್ತು. ಆದರೂ ಮುಂದೆ ದೈವದವರು ಈ ಕಾಗದ ಓದುವ ಪ್ರಸಂಗ ಬಂದರೆ ಅವರಿಗೂ ಬುಡದಿಂದ ತಿಳಿಯಲಿ ಎಂದು ವಿವರವಾಗಿ ಬರೆಯುತ್ತೇನೆ.

ನೀನು ಅಂಗಡಿಯ ಅರ್ಧ ಮುಂಭಾಗದಲ್ಲಿ ಬೂತು ಇಡುತ್ತೇನೆಂದೆ. ಸೀರೆಯ ನೂಲು ಮುಟ್ಟಿ ನೋಡುವ ಜಾಗದಲ್ಲಿ 'ಹಲೋ, ಕೇಳ್ತೈತೇನು' ಎಂದು ಕೂಗುವವರು ಬೇಡವೆಂದೆ ನಾನು. ಮಾತು ದೊಡ್ಡದಾಯಿತು, ಮನೆ ಸಣ್ಣದಾಯಿತು. ಪಡಸಾಲೆ ಮತ್ತು ತಲೆಬಾಗಿಲು ನಿನಗೆ ಹೋದವು. ನಡುಮನೆ, ಅಡುಗೆಮನೆ, ಹಿತ್ತಿಲ ಬಾಗಿಲು ನಮಗೆ ಬಂದವು. ಪಡಸಾಲೆ ಯಾಕೆ ಇವನಿಗೆ ಎಂದು ಯಾರೋ ಕೇಳಿದಾಗ ನೀನೇ ಉತ್ತರ ಕೊಟ್ಟೆ. "ಮಕ್ಳಿಲ್ಲದೋರಿಗೆ ಪಡಸಾಲಿ ಯಾಕ ಬೇಕು?" ಕಾರಣ ಬಲವಾಗಿತ್ತು. ದೈವದವರು ಒಪ್ಪಿದರು. ನಾನೂ ತಲೆಯಾಡಿಸಿದೆ. ಹುಟ್ಟಿದಾಗಲೇ ಅಜ್ಜಯ್ಯ ಎಂದು ಹೆಸರಿಟ್ಟುಬಿಟ್ಟರು ನೋಡು, ನಡುವೆ ಅಪ್ಪನಾಗುವ ಮೆಟ್ಟಿಲು ಹಾರಿಹೋಯಿತು.

ಎಲ್ಲ ಪಾಲಾದ ಮೇಲೆ ಉಳಿದದ್ದು ಮೀನಿನ ಪೆಟ್ಟಿಗೆ. ನಿನ್ನ ಮಗಳು ಶಾಂಭವಿಯ ಮೊದಲ ಹುಟ್ಟುಹಬ್ಬಕ್ಕೆ ನಾವಿಬ್ಬರೂ ದಾವಣಗೆರೆಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು. ಹರಪನಹಳ್ಳಿ ದಾಟುವ ಹೊತ್ತಿಗೆ ನಿನ್ನದೊಂದು ಕಾಲು, ನನ್ನದೊಂದು ಕಾಲು ಜೋಮು ಹಿಡಿದಿದ್ದವು. ಹಾಗಾಗಿ ಯಾರ ಹಕ್ಕು ಹೆಚ್ಚೆಂದು ಹೇಳುವುದು ಕಷ್ಟವಾಯಿತು. ಗುರುಸಂಗಪ್ಪನವರು ಗಡ್ಡ ಕೆರೆದುಕೊಂಡು, ಪಡಸಾಲೆಗೂ ನಡುಮನೆಗೂ ನಡುವಿನ ಬಾಗಿಲನ್ನು ನೋಡಿದರು.

"ಹೆಂಗೂ ಈ ಬಾಗಿಲ ಮುಚ್ಚಬೇಕಲ್ಲ. ಸೊಂಟದ ಮಟ ಇಟ್ಟಿಗಿ ಕಟ್ರಿ, ಅದರ ಮ್ಯಾಲೆ ಪೆಟ್ಟಿಗಿ ಕೂಡ್ರಸ್ರಿ, ಮ್ಯಾಲೊಂದು ಹಲಗಿ ಬಡೀರಿ. ಮೀನು ನಡುವ ಇರ್ಲಿ. ಅವಕ್ಕೇನು ಪಾಲು ಗೊತ್ತೈತಿ?"

ಮೀನು ಐದಿದ್ದವು. ಎರಡು ನಿನಗೆ, ಎರಡು ನನಗೆ, ಕರಿಯದು ದೈವಕ್ಕೆ. ಲಿಂಗ ಕಟ್ಟಿದ ನಮ್ಮ ಮನೆತನದಲ್ಲಿ ಮೀನನ್ನು ಪಾಲು ಹಾಕಿದ್ದು ಇದೇ ಮೊದಲು. ಬೇರೆಯವರು ಹಾಕುವಾಗ ಸಾರಿನ ಸಮೇತ ಹಾಕುತ್ತಾರೆಂದು ಕೇಳಿದ್ದೇನೆ.

ಅಂದಿನಿಂದ ನೀವು ನಮಗೆ ನೀರಿನೊಳಗೆ ಕಾಣುತ್ತಿದ್ದಿರಿ. ನೀನು ಪಡಸಾಲೆಯಲ್ಲಿ ಅಡ್ಡಾಡಿದರೆ ನಿನ್ನ ಹೊಟ್ಟೆ ಮೊದಲು ಬಂದು, ಆಮೇಲೆ ನೀನು ಬರುತ್ತಿದ್ದೆ. ನಿನ್ನ ಹೆಂಡತಿ ಅಮೃತಾ ಹಾದುಹೋದರೆ ಸೆರಗು ಅಲೆಯಾಗುತ್ತಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಆ ಕಡೆಯ ಗಾಜಿಗೆ ಒಂದು ಮೂಗು ಬಂದು ಒತ್ತಿಕೊಳ್ಳುತ್ತಿತ್ತು, ಹುರಿಗಡಲೆಯಷ್ಟಿದ್ದದ್ದು ಲಿಂಬೆಹಣ್ಣಿನಷ್ಟಾಗುತ್ತಿತ್ತು. ನಿಮ್ಮ ಅತ್ತಿಗೆ ಕೊಟ್ರಮ್ಮ ಆ ಹೊತ್ತಿಗೆ ಸರಿಯಾಗಿ ಮೀನಿಗೆ ಕಾಳು ಹಾಕುತ್ತಿದ್ದಳು. ಮೀನು ಹೊಟ್ಟೆ ಬಂದು ಈಜಲಾರದೆ ಕೂತುಬಿಟ್ಟಿದ್ದವು.

ಈಗ ಬಿರುಕಿನ ವೃತ್ತಾಂತ. ನೀರು ತುಂಬುವ ಹಬ್ಬದ ದಿನ ಕೊಟ್ರಮ್ಮ ಎಂದಿನಂತೆ ಹಂಡೆಗೆ ಸುಣ್ಣದ ಗೆರೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ನೀರು ತುಂಬಿಸಿ ಇಟ್ಟಳು. ಮಾರನೆಯ ನಸುಕಿಗೆ ನನ್ನ ತಲೆಗೆ ಎಣ್ಣೆ ಬಡಿದು ಹೊಗೆಯಾಡುವ ನೀರು ಹಾಕಿದಳು. ಇನ್ನೂ ಅರ್ಧ ಹಂಡೆ ನೀರು ಉಳಿದಿತ್ತು. ನಾನು ಮೈ ಒರೆಸಿಕೊಂಡು ಬರುವಷ್ಟರಲ್ಲಿ ಅವಳು ಒಂದು ತಂಬಿಗೆ ಬಿಸಿನೀರನ್ನು ಮೀನಿನ ಪೆಟ್ಟಿಗೆಗೆ ಸುರಿಯುತ್ತಿದ್ದಳು. ಟಪ್ ಎಂದಿತು.

"ಏನಿದು?" ಎಂದೆ.

"ಹಬ್ಬದ ದಿನ ಮನ್ಯಾಗಿನ ಜೀವಕ್ಕೆಲ್ಲ ಎರೀಬೇಕಲ್ರಿ" ಎಂದಳು.

ಮೀನಿಗೆ ಅಭ್ಯಂಗಸ್ನಾನ ಮಾಡಿಸಿದ ಊರು ಬೇರೆಲ್ಲೂ ಇರಲಾರದು. ಅವು ಸಾಯಲಿಲ್ಲ, ಸ್ವಲ್ಪ ಗಾಬರಿಯಾಗಿ ಓಡಾಡಿದವು, ಅಷ್ಟೇ. ಗಾಜಿಗೆ ಮಾತ್ರ ಮೇಲಿನ ಮೂಲೆಯಿಂದ ಕೆಳಗಿನ ತನಕ ಓರೆಗೆರೆ ಬಿದ್ದಿತು. ನೀರು ಹಾಕಿದ್ದು ಈ ಕಡೆಯಿಂದ, ಒಡೆದದ್ದು ಆ ಕಡೆಯ ಗಾಜು. ಇದು ಯಾರ ನಷ್ಟವೆಂದು ತೀರ್ಮಾನಿಸಲು ದೈವದವರಿಗೆ ಇನ್ನೊಂದು ಯುಗಾದಿ ಬೇಕಾದೀತು.

ಹಿತ್ತಿಲಿಗೆ ಮೊಸರು ತರುವ ಅಂಜಿನಕ್ಕ ತನ್ನ ಸೋರುವ ಗಡಿಗೆಗೆ ಮಾಡುವ ಔಷಧವನ್ನೇ ಇದಕ್ಕೂ ಹೇಳಿದಳು. ಸುಣ್ಣ ಬೆಲ್ಲ ಕಲಸಿ ಬಳಿದೆವು. ನೀರು ನಿಲ್ಲಲಿಲ್ಲ, ಇರುವೆ ಬಂದವು. ಆಮೇಲೆ ನೀರು ಖಾಲಿ ಮಾಡಿ, ಮೀನುಗಳನ್ನು ಹಂಡೆಗೆ ಬಿಟ್ಟು, ಪೆಟ್ಟಿಗೆಯನ್ನು ಇಳಿಸಿದೆ. ಬಾಗಿಲಲ್ಲಿ ಈಗ ಸೊಂಟದ ಮೇಲೆ ತೂತು ಉಳಿದಿದೆ. ಈ ಕಡೆ ಕೊಟ್ರಮ್ಮ ಕಂಬಳಿ ಇಳಿಬಿಟ್ಟಿದ್ದಾಳೆ. ಆ ಕಡೆ ನಿಮ್ಮ ಹೂವಿನ ಪರದೆ ಬಿದ್ದಿದೆ.

ನಿನ್ನ ಅಭಿಪ್ರಾಯ ಗುರುಸಂಗಪ್ಪನವರ ಮೂಲಕ ಬಂದು ಮುಟ್ಟಿತು. ಪೆಟ್ಟಿಗೆ ಹೋದರೆ ಹೋಗಲಿ, ಇಟ್ಟಿಗೆ ಹಾಕಿ ಮುಚ್ಚಿಬಿಡಲಿ ಎಂದೆಯಂತೆ. ನಾನು ಅವಸರ ಬೇಡವೆಂದೆ. ರಿಪೇರಿ ಆಗುತ್ತದೋ, ಹೊಸದೇ ತರಬೇಕೋ, ವಿಚಾರಿಸಿ ಬರೆಯುತ್ತೇನೆ. ಇದು ಕೊಟ್ರಮ್ಮಳ ಕಿವಿಗೂ ಬಿತ್ತು. "ಇಟ್ಟಿಗಿ ಹಾಕ್ತಾರಂತೇನ್ರಿ?" ಎಂದು ಕೇಳಿದಳು. ಊಟಕ್ಕೆ ಬಡಿಸುವಾಗ ಅದನ್ನೇ ಮತ್ತೊಮ್ಮೆ ಕೇಳಿದಳು.

ಅಮೃತಾಳಿಗೂ ಶಾಂಭವಿಗೂ ಆಶೀರ್ವಾದ.

ನಿನ್ನ ಅಣ್ಣ,
ಅಜ್ಜಯ್ಯ

ಕೊಟ್ಟೂರು
ತಾ. ೧೪-೧೨-೧೯೯೯

ಚಿ. ಅರುಣಕುಮಾರನಿಗೆ ಆಶೀರ್ವಾದಗಳು.

ನಾವು ಇತ್ತ, ನೀವು ಅತ್ತ. ಮೀನುಗಳು ಹಂಡೆಯಲ್ಲಿ ಸುಖವಾಗಿವೆ. ನಿನ್ನ ಪಾಲಿನ ಎರಡು ನಮ್ಮ ಪಾಲಿನ ಎರಡರೊಂದಿಗೆ ಯಾವ ತಕರಾರೂ ಇಲ್ಲದೆ ಇವೆ. ದೈವದ ಕರಿಯ ಮೀನು ತಳದಲ್ಲಿ ಕೂತು ಗುರುಸಂಗಪ್ಪನವರಂತೆ ಬಾಯಿ ತೆರೆದು ಮುಚ್ಚುತ್ತದೆ. ಸ್ನಾನಕ್ಕೆ ನಾನು ಬಕೆಟ್ ಹಿಡಿದಿದ್ದೇನೆ.

ಈ ಸಲವೂ ತಡ. ಪೆಟ್ಟಿಗೆಯನ್ನು ಹಗರಿಬೊಮ್ಮನಹಳ್ಳಿಗೆ ಒಯ್ದದ್ದರ ದಣಿವು ಇನ್ನೂ ಸೊಂಟದಲ್ಲಿದೆ. ಬಸ್ಸು ಹತ್ತಿ ಅದನ್ನು ಪಕ್ಕದ ಸೀಟಿನಲ್ಲಿ ಇಟ್ಟೆ. ಕಂಡಕ್ಟರ್ ಬಂದವನೇ ಅದಕ್ಕೂ ಟಿಕೇಟು ತಗೋರಿ ಎಂದ.

"ಖಾಲಿ ಐತಲ್ಲಪ್ಪ" ಎಂದೆ.

"ಖಾಲಿ ಇದ್ರ ಏನಾತ್ರಿ, ತಲಿ ಖಾಲಿ ಇದ್ದೋರೂ ಟಿಕೇಟು ತಗಂತಾರ" ಎಂದ. ನಾನು ಟಿಕೇಟು ತೆಗೆದುಕೊಂಡೆ. ಎರಡೂ.

ಎದುರು ಸೀಟಿನಲ್ಲಿ ಮೈಲಮ್ಮ ಎಂಬ ಕುರಿಗಾರ ಮುದುಕಿ ಕೂತಿದ್ದಳು. ಪೆಟ್ಟಿಗೆಯನ್ನು ಭಕ್ತಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಯಪ್ಪಾ, ಇದರಾಗ ಯಾವ ದೇವರನ್ನ ಕೂಡ್ರಸ್ತೀರಿ?"

"ದೇವರಲ್ಲವ್ವ, ಮೀನು."

"ತಿನ್ನಾಕೇನು?"

"ನೋಡಾಕ."

ಮುದುಕಿ ನನ್ನ ಮುಖ ನೋಡಿದಳು. "ನಮ್ಮ ಕುರಿನೂ ನೋಡಾಕ ಚಂದ ಅದಾವ. ನಾವು ಗಾಜು ಹಾಕಿಲ್ಲ" ಎಂದು ಎಲೆ ಅಡಿಕೆ ತೆಗೆದಳು.

ಹಗರಿಬೊಮ್ಮನಹಳ್ಳಿಯಲ್ಲಿ ಮೀನಿನ ಅಂಗಡಿ ಎಂದರೆ ಸೈಕಲ್ ಅಂಗಡಿಯ ಹಿಂದಿನ ಅರ್ಧ. ಮುಂದೆ ಟೈರು, ಹಿಂದೆ ಮೀನು. ಮಾಲೀಕ ಗ್ರೀಸು ಹತ್ತಿದ ಬೆರಳಿನಿಂದ ಗಾಜನ್ನು ತಟ್ಟಿ, ನಾಡಿ ನೋಡುವವರಂತೆ ಕಣ್ಣು ಮುಚ್ಚಿದ. ಆಮೇಲೆ, "ಯಾರು ಬೆಲ್ಲ ಹಚ್ಚಿದೋರು?" ಎಂದ. ನಾನು ಗೊತ್ತಿಲ್ಲವೆಂದೆ.

ಅವನು ಹೇಳಿದ್ದರ ಸಾರಾಂಶ ಇಷ್ಟು. ಬಿರುಕಿನ ಮೇಲೆ ಗಾಜಿನ ಪಟ್ಟಿ ಇಟ್ಟು ಅಂಟಿಸಬಹುದು. ನೀರು ನಿಲ್ಲುತ್ತದೆ, ಆದರೆ ಗೆರೆ ಕಾಣುತ್ತದೆ. ಹೊಸದು ಒಯ್ದರೆ ಗೆರೆ ಇಲ್ಲ, ಆದರೆ ಈ ಅಳತೆಯದು ಈಗ ಬರುವುದಿಲ್ಲ, ಒಂದು ಗೇಣು ಸಣ್ಣದು.

ಈ ಎರಡರಲ್ಲಿ ಯಾವುದು ಮೇಲೆಂದು ನಾನು ಬಸ್ಸಿನಲ್ಲಿ ಯೋಚಿಸುತ್ತ ಬಂದೆ. ರಿಪೇರಿಯ ಪರವಾಗಿ ಹೇಳುವುದಾದರೆ, ಹಳೆಯದು ಬಾಗಿಲಿಗೆ ಸರಿಯಾಗಿ ಕೂಡುತ್ತದೆ. ವಿರುದ್ಧವಾಗಿ ಹೇಳುವುದಾದರೆ, ಆ ಗೆರೆ ನಿನ್ನ ಮುಖದ ನಡುವೆ ಹಾದು, ನೀನು ಇತ್ತ ಒಂದು ಅತ್ತ ಒಂದು ಕಾಣುತ್ತೀಯೆ. ಎರಡು ಅರುಣಕುಮಾರರನ್ನು ದಿನಾ ನೋಡುವ ಶಕ್ತಿ ನನಗಿದೆಯೇ ಎಂಬುದು ಪ್ರಶ್ನೆ. ಹೊಸದರ ಪರವಾಗಿ, ಅದು ಹೊಸದು. ವಿರುದ್ಧವಾಗಿ, ಪಕ್ಕದಲ್ಲಿ ಒಂದು ಗೇಣು ಸಂದಿ ಉಳಿಯುತ್ತದೆ.

ಮನೆಗೆ ಬಂದು ಕೊಟ್ರಮ್ಮಳ ಮುಂದೆ ಇದನ್ನೆಲ್ಲ ಇಟ್ಟೆ. ಅವಳು ಒಲೆಯ ಮುಂದೆ ಕೂತು ತನ್ನ ಗೇಣನ್ನು ಚಾಚಿ ನೋಡಿಕೊಂಡಳು.

"ಒಂದು ಗೇಣಂದ್ರ ಕೈ ಹಿಡಿಸ್ತೈತಲ್ರಿ" ಎಂದಳು.

"ಯಾರ ಕೈ?"

"ಯಾರದರ."

ಗುರುಸಂಗಪ್ಪನವರಿಗೂ ಸಂದಿಯ ವಿಷಯ ಹೇಳಿದೆ. ಅವರು ಅದಕ್ಕೂ ಸಿದ್ಧರಾಗಿದ್ದರು. "ಸಂದಿಗೆ ಅರ್ಧ ಇಟ್ಟಿಗಿ ಹೊಡಿತೀವಿ, ಚಿಂತಿ ಮಾಡಬ್ಯಾಡ. ಆದ್ರ ಅಜ್ಜಯ್ಯ, ಇದನ್ನ ಎಳೀಬ್ಯಾಡಲೇ. ಅರುಣ ನಿತ್ಯ ನನ್ನ ಹತ್ರ ಬಂದು, ಬಾಗಿಲ ಬಯಲು ಬಿದ್ದೈತಿ, ಪಾಲು ಮಾಡಿದ್ದಕ್ಕ ಬೆಲಿ ಇಲ್ಲದಂಗಾತು ಅಂತಾನ. ಸಂಕ್ರಾಂತಿ ಒಳಗ ಗಾಜರ ಕೂಡ್ರಸು, ಇಟ್ಟಿಗಿಯರ ಕೂಡ್ರಸು. ಇಲ್ಲಂದ್ರ ಗೌಂಡಿನ್ನ ನಾನ ಕಳಸ್ತೀನಿ."

ನೀನು ಅವಸರಪಡುವುದು ನನಗೆ ಅರ್ಥವಾಗುತ್ತದೆ. ಆದರೆ ಈಗ ಧನುರ್ಮಾಸ ಹತ್ತಿರ ಬಂತು. ಶೂನ್ಯಮಾಸದಲ್ಲಿ ಮನೆಗೆ ಹೊಸದನ್ನು ತರಬಾರದು. ಹಳೆಯದನ್ನು ರಿಪೇರಿ ಮಾಡಿಸಿ ತಂದರೆ ಅದು ಹೊಸದೋ ಹಳೆಯದೋ ಎಂದು ನಮ್ಮ ಐನೋರನ್ನು ಕೇಳಿದ್ದೇನೆ, ಅವರು ವಿಚಾರ ಮಾಡುತ್ತಿದ್ದಾರೆ. ಅಲ್ಲದೆ ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಜಗತ್ತಿನ ಯಂತ್ರಗಳೆಲ್ಲ ನಿಲ್ಲುತ್ತವೆಂದು ಪೇಪರಿನಲ್ಲಿದೆ. ನಿನ್ನ ಬೂತಿನ ಮೀಟರೇ ಉಳಿಯುತ್ತದೋ ಇಲ್ಲವೋ. ಅದರ ಫಲಿತಾಂಶ ನೋಡಿ ಮುಂದುವರಿಯೋಣ. ಪೆಟ್ಟಿಗೆಯನ್ನು ಆ ಸೈಕಲ್ ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ.

ಇನ್ನೊಂದು ಸಣ್ಣ ಸಂಗತಿ. ಇತ್ತೀಚೆಗೆ ನಮ್ಮ ಕಡೆ ಒಂದು ಬೆಕ್ಕು ಬರುತ್ತಿರುವ ಗುಮಾನಿ ಇದೆ. ಡಬ್ಬಿಯಲ್ಲಿದ್ದ ಮಂಡಕ್ಕಿ ತಳ ಕಂಡಿದೆ. ಬೆಲ್ಲದ ಅಚ್ಚಿಗೆ ಹಲ್ಲಿನ ಗುರುತು ಬಿದ್ದಿದೆ. ಕೊಬ್ಬರಿ ಎಣ್ಣೆಯ ಬಾಟಲಿ ಬೇಗ ಖಾಲಿಯಾಗುತ್ತದೆ, ಕೊಟ್ರಮ್ಮಳ ಕೂದಲು ಮಾತ್ರ ಹಾಗೆಯೇ ಒಣಗಿದೆ. ಮೊನ್ನೆ ಕಂಬಳಿಯ ಬುಡದಲ್ಲಿ ಒಂದು ಕೆಂಪು ರಿಬ್ಬನ್ ಸಿಕ್ಕಿತು. ರಿಬ್ಬನ್ ಕಟ್ಟುವ ಬೆಕ್ಕನ್ನು ನಾನು ನೋಡಿಲ್ಲ. ಕೊಟ್ರಮ್ಮಳನ್ನು ಕೇಳಿದರೆ, "ನಿಮ್ಮ ಅಂಗಡಿದ ಇರಬೇಕು ನೋಡ್ರಿ" ಎಂದಳು. ನಮ್ಮ ಅಂಗಡಿಯಲ್ಲಿ ರಿಬ್ಬನ್ ಇಡುವುದಿಲ್ಲವೆಂದು ಅವಳಿಗೆ ಮದುವೆಯಾದಾಗಿನಿಂದ ಗೊತ್ತು. ತನಿಖೆ ಜಾರಿಯಲ್ಲಿದೆ.

ಎಲ್ಲರಿಗೂ ಆಶೀರ್ವಾದ.

ನಿನ್ನ ಅಣ್ಣ,
ಅಜ್ಜಯ್ಯ

ಕೊಟ್ಟೂರು
ತಾ. ೮-೧-೨೦೦೦

ಚಿ. ಅರುಣಕುಮಾರನಿಗೆ,

ಹೊಸ ಇಸವಿಯ ಆಶೀರ್ವಾದಗಳು. ಜಗತ್ತು ನಿಲ್ಲಲಿಲ್ಲ. ನಿನ್ನ ಮೀಟರೂ ನಿಲ್ಲಲಿಲ್ಲವೆಂದು ಗಿರಾಕಿಗಳ ಗೊಣಗಾಟದಿಂದ ತಿಳಿಯಿತು.

ಈ ಕಾಗದವನ್ನು ಮನೆಗೆ ಹಾಕದೆ ನಿನ್ನ ಬೂತಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಮೊದಲೇ ತಿಳಿಸಿದಾಗ ಸೋಮಪ್ಪನಿಗೆ ಸಂತೋಷವಾಯಿತು. "ಈಗ ಸ್ವಲ್ಪ ಕಾಗದ ಅನ್ನಂಗಾತು ನೋಡ್ರಿ, ಎರಡು ಓಣಿ ದಾಟ್ತೈತಿ" ಎಂದ. ಮನೆಗೆ ಯಾಕೆ ಹಾಕಲಿಲ್ಲವೆಂಬುದು ಓದುತ್ತ ಹೋದರೆ ತಿಳಿಯುತ್ತದೆ. ಓದುವಾಗ ಫೋನಿಗೆ ಬಂದವರನ್ನು ಸ್ವಲ್ಪ ಕಾಯಿಸು.

ಬೆಕ್ಕು ಸಿಕ್ಕಿತು.

ಡಿಸೆಂಬರ್ ಕೊನೆಗೆ ಒಂದು ಸಂಜೆ ಮೈ ಬಿಸಿಯೆನಿಸಿ, ಅಂಗಡಿಯನ್ನು ಕೆಲಸದವರಿಗೆ ಒಪ್ಪಿಸಿ ಬೇಗ ಬಂದೆ. ಹಿತ್ತಿಲಿಂದ ಒಳಗೆ ಕಾಲಿಟ್ಟರೆ ಕಂಬಳಿ ಅಲುಗಾಡುತ್ತಿತ್ತು. ಅದರ ಅಡಿಯಿಂದ ಮೊದಲು ಎರಡು ಬಿಳಿ ಕಾಲುಚೀಲ ಬಂದವು, ಆಮೇಲೆ ನೀಲಿ ಲಂಗ, ಆಮೇಲೆ ಬಿಚ್ಚಿದ ಜಡೆ. ಕೊಟ್ರಮ್ಮ ಎರಡೂ ಕೈ ಚಾಚಿ ಹಿಡಿದು ಇಳಿಸಿಕೊಂಡಳು, ಹಂಡೆ ಇಳಿಸುವಷ್ಟು ಜೋಪಾನವಾಗಿ.

"ಮೆಲ್ಲಕ ಬಾರವ್ವ, ನಿಮ್ಮಪ್ಪಗ ಕೇಳಿಸೀತು."

"ಅಪ್ಪ ಬೂತ್‌ನ್ಯಾಗ ಅದಾನ ದೊಡ್ಡವ್ವ. ನಮ್ಮವ್ವನ ಎತ್ತಿ ಬಿಟ್ಲು."

ಪರದೆಯ ಆ ಕಡೆಯಿಂದ ನಿನ್ನ ಹೆಂಡತಿ ಅಮೃತಾಳ ದನಿ ಬಂತು. "ಅಕ್ಕಾ, ಹಿಂದಿನ ಜಡೆ ಬಿಗಿ ಹಾಕ್ರಿ, ನಾನು ಹಾಕಿದ್ರೆ ಮಧ್ಯಾಹ್ನಕ್ಕೇ ಬಿಚ್ಚಿಕೊಂಡು ಬರ್ತಾಳೆ." ಹರಪನಹಳ್ಳಿ ಕಡೆಯ ತೆಲಿಗಿ ಊರಿನ ಹೆಣ್ಣುಮಗಳು, ಮಾತು ಮೆತ್ತಗೆ. ನಾನು ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಬಂದ ದಾರಿಯಲ್ಲೇ ಅಂಗಡಿಗೆ ಹೋಗಿ, ಮೈ ಬಿಸಿಯನ್ನು ಸೀರೆಗಳ ನಡುವೆ ಇಳಿಸಿದೆ. ಅಂದಿನಿಂದ ನಾನು ಸಂಜೆ ತಡವಾಗಿಯೇ ಬರುತ್ತೇನೆ. ಬರುವಾಗ ಹಿತ್ತಿಲಲ್ಲಿ ನಿಂತು ಜೋರಾಗಿ ಕೆಮ್ಮುತ್ತೇನೆ. ಕೆಮ್ಮಿಗೆ ಕೊಟ್ರಮ್ಮ ಕಷಾಯ ಮಾಡಿಕೊಡುತ್ತಾಳೆ, ಬಹಳ ಕಹಿ, ಕುಡಿಯುತ್ತೇನೆ.

ಅಮೃತಾಳನ್ನು ಬೈಯಬೇಡ. ಬೈಯುವುದಿದ್ದರೆ ನನ್ನನ್ನು ಬೈಯಿ, ಕಾಗದದಲ್ಲಿ.

ಇನ್ನು ಪೆಟ್ಟಿಗೆ. ಅದು ರಿಪೇರಿಯಾಗಿ ಆಗಲೇ ಬಹಳ ದಿನವಾಯಿತು. ನನ್ನ ಹಿಂದಿನ ಕಾಗದ ನಿನಗೆ ಮುಟ್ಟಿದ ವಾರದಲ್ಲೇ ಹಗರಿಬೊಮ್ಮನಹಳ್ಳಿಯ ಅಂಗಡಿಯವನು ಪಟ್ಟಿ ಅಂಟಿಸಿ, ನೀರು ತುಂಬಿ ಪರೀಕ್ಷೆ ಮಾಡಿ, ಹೇಳಿ ಕಳಿಸಿದ್ದ. ನಾನೇ ಇರಲಿ ಎಂದೆ. ಐನೋರು ವಿಚಾರ ಮಾಡುತ್ತಿದ್ದಾರೆಂದು ಬರೆದಿದ್ದೆನಲ್ಲ, ಅವರನ್ನು ನಾನು ಕೇಳಿಯೇ ಇರಲಿಲ್ಲ. ನಿನ್ನೆ ಆ ಅಂಗಡಿಯವನು ಬಸ್ಸಿನವರ ಕೈಯಲ್ಲಿ ಮತ್ತೆ ಹೇಳಿ ಕಳಿಸಿದ್ದಾನೆ. "ಬೇಗ ಬಂದು ಒಯ್ರಿ, ಅದರಾಗ ನಮ್ಮ ಬೆಕ್ಕು ಮರಿ ಹಾಕೈತಿ." ನಿಜವಾದ ಬೆಕ್ಕು ಆ ಊರಲ್ಲಿದೆಯೆಂದು ಆಗ ತಿಳಿಯಿತು.

ದೀಪಾವಳಿಯ ಬಿಸಿನೀರಿನ ಬಗ್ಗೆಯೂ ಒಂದು ತಿದ್ದುಪಡಿ ಇದೆ. ಕೂಸು ಹುಟ್ಟಿದಾಗಿನಿಂದ ಪ್ರತಿ ದೀಪಾವಳಿಗೆ ಶಾಂಭವಿಗೆ ಎಣ್ಣೆ ಹಚ್ಚಿ ನೀರು ಹಾಕಿದವಳು ಕೊಟ್ರಮ್ಮ. ನೀನೂ ಅಮೃತಾಳೂ ಒಲೆಗೆ ಕಟ್ಟಿಗೆ ಹಾಕುತ್ತಿದ್ದಿರಿ, ನಾನು ಕಣ್ಣಿಗೆ ಸೋಪು ಹೋಯಿತೆಂದು ಅಳುವವಳಿಗೆ ಮಂಡಕ್ಕಿ ಹಿಡಿದು ನಿಲ್ಲುತ್ತಿದ್ದೆ. ಈ ಸಲ ಆ ನಸುಕಿನಲ್ಲಿ ಕೂಸು ತಲೆ ತುಂಬ ಎಣ್ಣೆ ಹಚ್ಚಿಕೊಂಡು ಆ ಕಡೆಯ ಗಾಜಿಗೆ ಬಂದು, ಅಂಗೈ ಊರಿ ನಿಂತು, "ದೊಡ್ಡವ್ವ, ನನಗ?" ಎಂದಿತಂತೆ. ನಿಮ್ಮ ಅತ್ತಿಗೆಯ ಕೈಯಲ್ಲಿ ತಂಬಿಗೆ ಇತ್ತು. ಮುಂದಿನದು ನಿನಗೆ ಗೊತ್ತು. ಮೀನುಗಳು ನಡುವೆ ಸಿಕ್ಕಿಕೊಂಡವು, ಅಷ್ಟೇ.

ಹೀಗಿರುವಾಗ ರಿಪೇರಿಯೋ ಬದಲಿಯೋ ಎಂಬ ಪ್ರಶ್ನೆಗೆ ನನ್ನ ತೀರ್ಮಾನವನ್ನು ಈ ಕೆಳಗಿನಂತೆ ತಿಳಿಸುತ್ತೇನೆ. ರಿಪೇರಿಯಾದ ಪೆಟ್ಟಿಗೆಯನ್ನು ನಾನೇ ಹೋಗಿ, ಬೆಕ್ಕಿನ ಸಂಸಾರವನ್ನು ಇಳಿಸಿ, ತಂದು ನಿನ್ನ ಬೂತಿನಲ್ಲಿ ಇಡುತ್ತೇನೆ. ಲೈನು ಸಿಗುವ ತನಕ ಕಾಯುವ ಗಿರಾಕಿಗಳು ಮೀನು ನೋಡಲಿ. ಐದು ಮೀನೂ ನಿನಗೆ, ಕರಿಯದನ್ನು ಕೊಡುವಂತೆ ದೈವದವರ ಕಾಲಿಗೆ ನಾನು ಬೀಳುತ್ತೇನೆ. ಗಾಜು ನಿನಗೆ, ಮೀನು ನಿನಗೆ, ಪಡಸಾಲೆ ನಿನಗೆ ಇದ್ದೇ ಇದೆ. ಆ ತೂತು ಒಂದನ್ನು ನನ್ನ ಪಾಲಿಗೆ ಬಿಡು.

ಸಂಕ್ರಾಂತಿಗೆ ಇನ್ನು ವಾರವಿಲ್ಲ. ಗುರುಸಂಗಪ್ಪನವರು ಗೌಂಡಿಗೆ ಹೇಳಿಟ್ಟಿದ್ದಾರೆ. ಇಟ್ಟಿಗೆ ಹಿತ್ತಿಲಿಗೆ ಬಂದು ಬಿದ್ದಿವೆ, ಅಂಜಿನಕ್ಕ ಅವುಗಳ ಮೇಲೆ ಕೂತು ಮೊಸರು ಅಳೆಯುತ್ತಾಳೆ. ನಾನು ಬೇಡವೆಂದರೆ ಅವರು ಕೇಳುವುದಿಲ್ಲ. ಮುಚ್ಚಬೇಕೆಂದವನು ನೀನು, ಬೇಡವೆನ್ನಬೇಕಾದವನೂ ನೀನೇ. ಇದಕ್ಕೆ ಉತ್ತರವನ್ನು ಟಪಾಲಿಗೆ ಹಾಕಬೇಡ. ಟಪಾಲು ಎರಡು ಓಣಿ ಸುತ್ತುವಷ್ಟರಲ್ಲಿ ಗಾರೆ ಒಣಗಿರುತ್ತದೆ.

ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡುವ ಹಬ್ಬ ಬರುತ್ತಿದೆ. ನಿಮ್ಮ ಮೂವರಿಗೂ ಆಯುಸ್ಸು ಆರೋಗ್ಯ ಹೆಚ್ಚಲಿ, ನಿನ್ನ ಬೂತಿನಲ್ಲಿ ಜನ ಸಾಲು ನಿಲ್ಲಲಿ ಎಂದು ಹರಸುವ,

ನಿನ್ನ ಅಣ್ಣ,
ಅಜ್ಜಯ್ಯ

ತಾ.ಕ.: ಬರೆದು ಮುಗಿಸಿದ ಮೇಲೆ ಒಂದು ಮಾತು ಉಳಿಯಿತು. ಪಡಸಾಲೆಯ ಬಗ್ಗೆ ಅಂದು ನೀನು ಹಿರಿಯರ ಮುಂದೆ ಆಡಿದ್ದನ್ನು ನಾನು ಕೊಟ್ರಮ್ಮಳಿಗೆ ಇಂದಿನವರೆಗೂ ಹೇಳಿಲ್ಲ. ಅವಳು ಆಗ ಒಳಗೆ ದೈವದವರಿಗೆ ಚಹಾ ಸೋಸುತ್ತಿದ್ದಳು, ಕೇಳಿಸಿರಲಾರದು ಎಂದುಕೊಂಡಿದ್ದೆ. ಆಗ ಬಾಗಿಲು ಇನ್ನೂ ಬಾಗಿಲಾಗಿಯೇ ಇತ್ತು ಎಂಬುದು ಲೆಕ್ಕಕ್ಕೆ ಬರಲಿಲ್ಲ. ನಿನ್ನೆ ಸಂಜೆ ಕೆಮ್ಮುವ ಮೊದಲು ಹಿತ್ತಿಲಲ್ಲಿ ಸ್ವಲ್ಪ ನಿಂತೆ. ಶಾಂಭವಿ ಜಡೆ ಹಾಕಿಸಿಕೊಳ್ಳುತ್ತಿದ್ದಳು.

"ದೊಡ್ಡವ್ವ, ಇಟ್ಟಿಗಿ ಹಾಕಿದ ಮ್ಯಾಲೆ ನಾನು ಈ ಕಡಿ ಇರ್ಬೇಕೋ, ಆ ಕಡಿ ಇರ್ಬೇಕೋ?"

"ಆ ಕಡಿನ ಇರ್ಬೇಕವ್ವ. ಅಲ್ಲಿ ಪಡಸಾಲಿ ಐತಲ್ಲ ನಿನಗ, ಆಡಾಕ."

"ನಿನಗ್ಯಾಕ ಪಡಸಾಲಿ ಇಲ್ಲ?"

ಕೊಟ್ರಮ್ಮ ರಿಬ್ಬನ್ ಕಟ್ಟಿ ಮುಗಿಸಿದಳು. ಗಂಟು ಸರಿಯಾಗಿದೆಯೇ ಎಂದು ಎಳೆದು ನೋಡಿದಳು. ಆಮೇಲೆ ಹಾಲು ಉಕ್ಕಿತು ಎಂದು ಎದ್ದು ಅಡುಗೆಮನೆಗೆ ಹೋದಳು. ನಾನು ನಿಂತಲ್ಲಿಂದ ಒಲೆ ಕಾಣುತ್ತಿತ್ತು. ಒಲೆ ಹಚ್ಚಿರಲಿಲ್ಲ.